ಓತಿ ಯಾವೂರಿನದು

೧೯ ಜನವರಿ ೧೯೫೯, ಸೋಮವಾರ

ಅಕ್ಕೋರು ಎರಡು ನೋಟುಪುಸ್ತಕ ಕೊಟ್ಟರು. ಕೆಲಸಕ್ಕೆ ಒಂದೇ ಸಾಕಾಗಿತ್ತು. ಇನ್ನೊಂದನ್ನು ಹಿಂದಕ್ಕೆ ಕೊಡಲು ಹೋದರೆ, “ಇರಲಿ, ಏನಾದ್ರೂ ಬರ್ಕೊಳ್ಳಿ” ಎಂದರು. ಏನು ಬರೆಯಬೇಕೆಂದು ಹೇಳಲಿಲ್ಲ. ಅದಕ್ಕೆ ಇವತ್ತು ಆದದ್ದನ್ನೇ ಬರೆಯುತ್ತೇನೆ.

ಶಿಕಾರಿಪುರದ ಕಂಬಳಿ ವ್ಯಾಪಾರಿ ಗಂಗಾಧರಪ್ಪನವರು ಹೇಳಿಕಳಿಸಿದ್ದರು. ಅವರ ಮಗಳು ರಾಜೇಶ್ವರಮ್ಮನವರು ಮೈಸೂರಿನ ಕಡೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾರೆ. ಎಲ್ಲರೂ ಅಕ್ಕೋರು ಎನ್ನುತ್ತಾರೆ. ನಾಲ್ಕು ತಿಂಗಳು ರಜೆ ಹಾಕಿ ಬಂದಿದ್ದಾರೆ. ಓತಿ, ಹಲ್ಲಿ, ಹಾವುರಾಣಿಗಳ ತಲೆಬುರುಡೆ ಸೇರಿಸಿ, ಒಂದರ ತಲೆ ಇನ್ನೊಂದರ ಹಾಗೆ ಯಾಕಿಲ್ಲ ಎಂದು ಪ್ರಬಂಧ ಬರೆಯುತ್ತಾರಂತೆ. ಬುರುಡೆಗಳು ಮನೆ ಹೊಸ್ತಿಲು ದಾಟಕೂಡದು ಎಂದು ಅವರ ತಾಯಿ ಹಟ ಹಿಡಿದದ್ದರಿಂದ ಊರಾಚೆಯ ಉಣ್ಣೆ ಮಳಿಗೆಯನ್ನು ಖಾಲಿ ಮಾಡಿಸಿಕೊಂಡಿದ್ದಾರೆ. ನಾನು ಮಿಡ್ಲ್ ಸ್ಕೂಲು ಪಾಸಾದವನು, ಅಕ್ಷರ ದುಂಡಗಿದೆ. ಬಂದ ಪ್ರತಿಯೊಂದು ಓತಿಗೂ ಒಂದು ಚೀಟಿ ಬರೆದು ಕಟ್ಟುವುದು ನನ್ನ ಕೆಲಸ. ಈಗ ನನಗೆ ಪುರುಸೊತ್ತೂ ಇದೆ. ಕುರಿಗಳನ್ನು ತಮ್ಮ ಸಣ್ಣಬೀರಪ್ಪನಿಗೆ ಬಿಟ್ಟುಕೊಟ್ಟು ಮೂರು ತಿಂಗಳಾಯಿತು.

ಸಂಜೆ ಮನೆಗೆ ಬಂದರೆ ಕುಬಟೂರಿನಿಂದ ಕಾರ್ಡು. ಅಳಿಯ ಗುತ್ಯಪ್ಪ ಬರೆಸಿದ್ದಾನೆ. ಯುಗಾದಿ ಕಳೆದ ಮೇಲೆ ಅವನಿಗೆ ಬೇರೆ ಹೆಣ್ಣು ತರುತ್ತಾರಂತೆ. ಕೂಸನ್ನು ನಾವು ಸಾಕುವುದಾದರೆ ಯುಗಾದಿಯೊಳಗೆ ಬಂದು ಕರೆದೊಯ್ಯಬೇಕು, ಇಲ್ಲವಾದರೆ ಮಕ್ಕಳಿಲ್ಲದ ಅವನ ಅಕ್ಕನಿಗೆ ಕೊಡುತ್ತಾರೆ, ಅವಳಿರುವುದು ಹಾನಗಲ್ಲಿನ ಆಚೆ. ಓದಿ ಹೇಳಿದೆ. ಹೆಂಡತಿ ಗುಡ್ಡಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಕಾರ್ಡನ್ನು ಜಂತಿಗೆ ಸಿಕ್ಕಿಸಿದೆ.

ಆ ಕೂಸು ಹುಟ್ಟಿದ ದಿನವೇ ಅದರ ತಾಯಿ, ನಮ್ಮ ಮಗಳು, ತೀರಿಹೋದಳು. ನಾನು ಇನ್ನೂ ಅದನ್ನು ನೋಡಿಲ್ಲ.

೨೮ ಜನವರಿ

ಇವತ್ತು ಅಕ್ಕೋರು ಭೂತಗನ್ನಡಿ ಕೊಟ್ಟು ಒಂದು ಬುರುಡೆ ತೋರಿಸಿದರು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಬರಿಗಣ್ಣಿಗೆ ಒಂದು ಚೂರು ಎಲುಬು, ಅಷ್ಟೇ. ಗಾಜಿನಡಿ ಹಿಡಿದರೆ ಅದೊಂದು ಮನೆ. ಕಣ್ಣಿಗೆ ಕಿಟಕಿ, ಕೆನ್ನೆಗೆ ಕಮಾನು, ಕಮಾನಿಗೆ ಊರುಗೋಲು. ದವಡೆಯ ಹಲ್ಲುಗಳು ಗರಗಸದ ಹಾಗೆ ಒಂದೇ ಸಾಲಿನಲ್ಲಿವೆ. ಯಾವ ಬಡಗಿಯೂ ಇಷ್ಟು ತೆಳುವಾಗಿ ಕೆತ್ತಿ ಇಷ್ಟು ಗಟ್ಟಿಯಾಗಿ ನಿಲ್ಲಿಸಲಾರ. ಐವತ್ತೆರಡು ವರ್ಷ ಬೇಲಿಬೇಲಿಗೂ ಇವನ್ನು ನೋಡಿದ್ದೇನೆ, ಕಲ್ಲಿನಿಂದ ಹೊಡೆದೂ ಇದ್ದೇನೆ. ತಲೆಯೊಳಗೆ ಇಷ್ಟು ಕೆಲಸ ಇದೆ ಎಂದು ತಿಳಿದಿರಲಿಲ್ಲ.

“ಏನು ಕಾಣ್ತು ಬೀರಪ್ಪಾ?” ಎಂದರು.

“ಅಕ್ಕೋರೆ, ಇದನ್ನ ಹೊಡೀಬಾರದಿತ್ತು,” ಎಂದೆ.

ಅವರು ನಗಲಿಲ್ಲ. ಬೇಕಾದಷ್ಟಕ್ಕಿಂತ ಒಂದನ್ನೂ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ ಎಂದರು.

೫ ಫೆಬ್ರುವರಿ

ಅಕ್ಕೋರು ಬುರುಡೆಗಳನ್ನು ಬಿಸಿನೀರಿನಲ್ಲಿ ಕುದಿಸಿ ಮಾಂಸ ಬಿಡಿಸುತ್ತಿದ್ದರು. ಸಣ್ಣವು ಕುದ್ದರೆ ಎಲುಬೆಲ್ಲ ಬಿಚ್ಚಿಕೊಂಡು ಅಕ್ಕಿನುಚ್ಚಿನ ಹಾಗೆ ತಳಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಒಂದು ಮರಿಯದು ಹಾಗೇ ಹೋಯಿತು. ತಲೆಗೆ ಕೈಕೊಟ್ಟು ಕೂತರು.

ಅಡವಿಯಲ್ಲಿ ಸತ್ತ ಟಗರಿನ ತಲೆ ಗೊದ್ದ ಇರುವೆಯ ಗೂಡಿನ ಹತ್ತಿರ ಬಿದ್ದರೆ ಕೆಲವು ದಿನಕ್ಕೆ ತೊಳೆದಿಟ್ಟ ಹಾಗೆ ಆಗುತ್ತದೆ, ಒಂದು ಎಲುಬೂ ಕದಲುವುದಿಲ್ಲ. ಅದನ್ನು ಹೇಳಿದೆ. ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಬುರುಡೆ ಇಟ್ಟು, ಮಳಿಗೆಯ ಹಿಂದಿನ ಗೊದ್ದದ ಗೂಡಿನ ಪಕ್ಕ ಹೂತೆ. ಮೇಲೆ ಕಲ್ಲು ಹೇರಿದೆ.

೯ ಫೆಬ್ರುವರಿ

ಡಬ್ಬಿ ತೆಗೆದೆವು. ಒಂದು ಹಲ್ಲೂ ಉದುರಿಲ್ಲ. ಅಕ್ಕೋರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಿಸಿಲಿಗೆ ಬಂದು ಬಹಳ ಹೊತ್ತು ನಿಂತರು. “ಇದನ್ನ ನಮಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ,” ಎಂದರು.

ಸಣ್ಣಬೀರಪ್ಪ ಮಂದೆ ಹೊಡೆದುಕೊಂಡು ಆ ದಾರಿಯಲ್ಲೇ ಬಂದ. “ಅಣ್ಣ, ನೀ ಕುರಿ ಬಿಟ್ಟು ಓತಿ ಕಾಯಾಕೆ ನಿಂತೀಯಂತೆ. ಉಣ್ಣೆ ಯಾವಾಗ ಕತ್ತರಿಸ್ತೀಯ?” ಎಂದ. ಕುರಿಗಳು ನನ್ನ ಕಡೆ ತಿರುಗಿದವು. ನಾನು ಒಳಗೆ ಹೋದೆ.

೧೩ ಫೆಬ್ರುವರಿ, ಶುಕ್ರವಾರ

ಓತಿ ತಂದವರಿಗೆ ಒಂದೊಂದು ಅಚ್ಚು ಬೆಲ್ಲ ಎಂದು ಗಂಗಾಧರಪ್ಪನವರು ಸಂತೆಯಲ್ಲಿ ಹೇಳಿಸಿದ ಮೇಲೆ ಬಾಗಿಲಲ್ಲಿ ಜನ. ಹೆಚ್ಚಿನವರು ಕುರಿ ಕಾಯುವವರು. ಯಾವ ಊರಿನದೆಂದು ಕೇಳಿ ಚೀಟಿಯಲ್ಲಿ ಮೊದಲು ಅದನ್ನೇ ಬರೆಯಬೇಕು ಎಂದು ಅಕ್ಕೋರು ಹೇಳಿದ್ದಾರೆ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ತಾಳಗುಂದ. ಅಂಜನಾಪುರ. ಮತ್ತೆ ತಾಳಗುಂದ.

ಆಮೇಲೆ ಇಬ್ಬರು ಬಂದರು. ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದರು. ಮಡಕೆಯ ತುಂಬ ಓತಿ, ಎಣಿಸಿದರೆ ಹನ್ನೊಂದು.

“ಯಾವೂರು?” ಎಂದೆ.

“ಕುಬಟೂರು,” ಎಂದರು.

ಹನ್ನೊಂದು ಚೀಟಿಯ ಮೇಲೂ ಕುಬಟೂರು ಎಂದು ಬರೆದೆ. ಬೆಲ್ಲ ಕೊಟ್ಟೆ. ನೀರು ಕುಡಿಯಲು ಹೊರಗೆ ಹೋದೆ.

೨೧ ಫೆಬ್ರುವರಿ

ಅಕ್ಕೋರು ಮೇಜಿನ ಮೇಲೆ ಬುರುಡೆಗಳನ್ನು ಜೋಡಿಸಿದ್ದರು. ಕುರುಬನಿಗೆ ಇದು ಬೇಗ ತಿಳಿಯುವ ವಿಷಯ. ಹಲ್ಲಿ ಗೋಡೆಯ ಮೇಲಿರಲಿ, ಮರದ ಪೊಟರೆಯಲ್ಲಿರಲಿ, ಕಲ್ಲಿನ ಸಂದಿಯಲ್ಲಿರಲಿ, ಅದರ ಕಣ್ಣಿನ ಹಿಂದೆ ಎಲುಬಿನ ಕಮಾನು ಇಲ್ಲ. ಓತಿ ಎಲ್ಲಿದ್ದರೂ ಕಮಾನು ಇದೆ. “ಇದು ವಂಶದಿಂದ ಬಂದದ್ದು,” ಎಂದರು. ನಮ್ಮಲ್ಲಿ ಅದಕ್ಕೆ ಬೆಡಗು ಎನ್ನುತ್ತಾರೆ, ಒಂದು ಬೆಡಗಿನವರು ಎಷ್ಟು ದೂರ ಹೋದರೂ ಅಣ್ಣತಮ್ಮಂದಿರು ಎಂದೆ. ಆ ಮಾತು ಅವರಿಗೆ ಬಹಳ ಹಿಡಿಸಿತು. ಅಲ್ಲಿಂದ ಅವರೂ “ಇದು ಯಾವ ಬೆಡಗು ನೋಡಿ ಬೀರಪ್ಪಾ” ಎನ್ನುತ್ತಾರೆ.

ಒಂದೇ ಬೆಡಗಿನಲ್ಲೂ ಜಾಗ ತನ್ನ ಕೆಲಸ ಮಾಡುತ್ತದೆ. ಮರದ ಓತಿಯ ತಲೆ ಎತ್ತರ. ಬಂಡೆ ಓತಿ ಸಂದಿಯಲ್ಲಿ ನುಸುಳಬೇಕು, ಅದರ ತಲೆ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಸಡಿಲ ಮಣ್ಣಿನಲ್ಲಿ ನುಗ್ಗುವ ಹಾವುರಾಣಿಯದು ಹಾರೆಯ ಮೊನೆ.

ಕೊನೆಗೆ ಮರಿಗಳನ್ನು ಇಟ್ಟರು. ಮರದ ಓತಿಯ ಮರಿ, ಬಂಡೆ ಓತಿಯ ಮರಿ. ನಾನು ತಿರುಗಿಸಿ ತಿರುಗಿಸಿ ನೋಡಿದೆ. ಎರಡಕ್ಕೂ ದೊಡ್ಡ ಕಣ್ಣಿನ ಗುಳಿ, ಗಿಡ್ಡ ಮೂತಿ. ಯಾವುದು ಯಾವುದೆಂದು ಹೇಳಲಾಗಲಿಲ್ಲ. “ನನಗೂ ಕಷ್ಟ,” ಎಂದರು ಅಕ್ಕೋರು. “ಮರಿ ಆಗಿದ್ದಾಗ ಎಲ್ಲ ಹೆಚ್ಚುಕಡಿಮೆ ಒಂದೇ ಮುಖ. ಬೆಳೀತಾ ಬೆಳೀತಾ ತಮ್ಮ ತಮ್ಮ ತಲೆ ಮಾಡ್ಕೊಳ್ತವೆ.” ಆಮೇಲೆ ಗಾಜಿನಡಿ ನೆತ್ತಿ ತೋರಿಸಿದರು. ಮರಿ ಓತಿಗೂ ನೆತ್ತಿ ಕೂಡಿರುವುದಿಲ್ಲ. ನಡುವೆ ಎಲುಬಿಲ್ಲದ ಒಂದು ಜಾಗ. ದೊಡ್ಡದಾದ ಮೇಲೂ ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದಂತೆ, ಅದರಿಂದ ಬಿಸಿಲು ಎಷ್ಟಿದೆ ಎಂದು ತಿಳಿಯುತ್ತದಂತೆ.

ಮನೆಗೆ ಬಂದು ಗುಡ್ಡಮ್ಮನಿಗೆ ಹೇಳಿದೆ. “ಓತಿಕ್ಯಾತಕ್ಕೂ ನೆತ್ತಿ ಐತಾ?” ಎಂದಳು. ಎದ್ದು ಹೋಗಿ ಎಣ್ಣೆ ಗಿಂಡಿಯನ್ನು ಸುಮ್ಮನೆ ಆ ಗೂಡಿನಿಂದ ಈ ಗೂಡಿಗೆ ಇಟ್ಟಳು.

ಒಂಬತ್ತು ತುಂಬುವ ಮೊದಲೇ ಮಗಳನ್ನು ಹೆರಿಗೆಗೆ ಕರೆತರಬೇಕಾಗಿತ್ತು. ಕುರಿ ಹೊಳೆಯ ಕಡೆ ಇದ್ದವು, ಕಾಲುರೋಗ ಬಂದಿತ್ತು. ಎಂಟು ದಿನ ಬಿಟ್ಟು ಹೋಗೋಣ ಎಂದೆ. ಗುಡ್ಡಮ್ಮ ಮೂರು ಸಲ ಹೇಳಿದಳು. ಆರನೆಯ ದಿನ ಕುಬಟೂರಿನಿಂದ ಆಳು ಬಂದ.

೪ ಮಾರ್ಚ್

ಅಕ್ಕೋರು ಇವತ್ತು ಚಹಾ ಕುಡಿಯುವುದನ್ನೂ ಮರೆತರು. ಕುಬಟೂರಿನ ಹನ್ನೊಂದೂ ಶುದ್ಧವಾಗಿವೆ. ಹನ್ನೊಂದರ ತಲೆಯೂ ಚಪ್ಪಟೆ.

“ಕುಬಟೂರಲ್ಲಿ ಬಂಡೆ ಎಲ್ಲಿದೆ ಬೀರಪ್ಪಾ? ಕೆರೆ, ಗದ್ದೆ, ಮರ. ಆದ್ರೂ ಬಂಡೆ ಓತಿ ತಲೆ. ಬಂಡೆ ಬಿಟ್ಟು ಎಷ್ಟು ತಲೆಮಾರಾಗಿದ್ಯೋ ಏನೋ, ತಲೆ ಬಿಟ್ಟಿಲ್ಲ. ಜಾಗಕ್ಕಿಂತ ಬೆಡಗೇ ಗಟ್ಟಿ ಅಂತ ಆಯ್ತಲ್ಲ. ಇದನ್ನ ಇಲ್ಲಿಯ ಓತಿಗಳ ಮೇಲೆ ಯಾರೂ ತೋರಿಸಿಲ್ಲ.”

ಹದಿನಾಲ್ಕು ಪುಟ ಬರೆದಿದ್ದಾರೆ. ಓದುವಾಗ ಅವರ ಮುಖ ನೋಡಬೇಕಾಗಿತ್ತು.

ಕುಬಟೂರಿನಲ್ಲಿ ನಮ್ಮ ಮಗಳ ಮದುವೆಯಲ್ಲಿ ಚಪ್ಪರದ ಕಂಬದ ಮೇಲೆ ಒಂದು ಓತಿ ಕೂತಿತ್ತು. ತಲೆ ಆಡಿಸುತ್ತಿತ್ತು. ಮದುಮಗಳು ಅದನ್ನು ನೋಡಿ ನಕ್ಕು ತಾಯಿಯ ಕೈಲಿ ಚಿವುಟಿಸಿಕೊಂಡಳು. ಅದರ ತಲೆ ಎತ್ತರವಾಗಿತ್ತು ಎಂದು ನನ್ನ ನೆನಪು. ಆ ದಿನ ಅದರ ತಲೆಯನ್ನು ಯಾರು ಅಳೆಯುತ್ತಿದ್ದರು. ಮುಂದಿನ ಚೀಟಿ ತೆಗೆದುಕೊಂಡೆ.

೧೧ ಮಾರ್ಚ್

ಸಣ್ಣಬೀರಪ್ಪ ಊಟಕ್ಕೆ ಬಂದಿದ್ದ. ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತಾ ಹೇಳಿದ. “ಅಣ್ಣ, ಅಂಜನಾಪುರದ ಆಚೆ ಕಲ್ಲುಗುಡ್ಡದ ಬುಡದಾಗೆ ಕುಬಟೂರು ಮಂದಿ ಮಂದೆ ನಿಲ್ಲಿಸ್ಯಾರೆ. ಸಂಕ್ರಾಂತಿಯಿಂದ್ಲೂ ಅಲ್ಲೇ ಅದಾರೆ, ಊರಿನ ಕಡೆ ತಲೇನೇ ಹಾಕಿಲ್ಲ. ಕುರಿ ಮೇಯಾಕೆ ಬಿಟ್ಟು ಬಂಡೆ ಮೇಲೆ ಓತಿ ಹಿಡೀತಾವೆ ನನ್ಮಕ್ಳು. ನಿಮ್ಮಕ್ಕೋರ ಬೆಲ್ಲ ತಿಂದೂ ತಿಂದೂ ಒಬ್ಬನಿಗೆ ಹಲ್ಲು ಬಾತೈತೆ.”

ಗುಡ್ಡಮ್ಮ ನಕ್ಕಳು. ನಾನು ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

ಕುರುಬನನ್ನು ಯಾವೂರು ಎಂದು ಕೇಳಿದರೆ ನಿಂತ ಊರು ಹೇಳುವುದಿಲ್ಲ. ಮನೆದೇವರಿರುವ ಊರು ಹೇಳುತ್ತಾನೆ. ನಾನಾದರೂ ಹಾಗೇ ಹೇಳುತ್ತಿದ್ದೆ. ನಾನು ಕೇಳಿದ್ದು ಓತಿಯ ಊರು, ಅವರು ಹೇಳಿದ್ದು ತಮ್ಮ ಊರು. ಎಲ್ಲಿ ಹಿಡಿದಿರಿ ಎಂದು ಇನ್ನೊಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

೧೨ ಮಾರ್ಚ್

ಹೇಳಲಿಲ್ಲ.

೧೪ ಮಾರ್ಚ್

ಅಕ್ಕೋರು ಹದಿನಾಲ್ಕು ಪುಟವನ್ನು ಶುದ್ಧಪ್ರತಿ ಮಾಡಲು ನನ್ನ ಕೈಗೇ ಕೊಟ್ಟರು. ಎರಡು ಪುಟ ಬರೆದೆ. ಕುಬಟೂರು ಎಂಬ ಮಾತು ಒಂಬತ್ತು ಸಲ ಬಂತು.

೧೬ ಮಾರ್ಚ್, ಸೋಮವಾರ

ಬಾಗಿಲು ತೆಗೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ಅಕ್ಕೋರು ಬಂದರು. ನಿಂತೇ ಹೇಳಿದೆ.

“ಅಕ್ಕೋರೆ, ಕುಬಟೂರಿನ ಹನ್ನೊಂದೂ ಕುಬಟೂರಿನವಲ್ಲ.”

“ಮತ್ತೆ?”

“ತಂದೋರು ಕುಬಟೂರಿನೋರು. ಓತಿ ನಮ್ಮ ಕಲ್ಲುಗುಡ್ಡದವು. ನಾನು ಯಾವೂರು ಅಂದೆ, ಅವರು ತಮ್ಮೂರು ಹೇಳಿದ್ರು.”

ಅವರು ಬೀಗದ ಕೈ ಹಿಡಿದುಕೊಂಡೇ ನಿಂತರು. “ನೀವು ಕುರಿ ಕಾದೋರು. ಮಂದೆ ಊರೂರು ತಿರುಗುತ್ತೆ ಅಂತ ನಿಮಗೆ ಗೊತ್ತಿಲ್ವಾ? ಇನ್ನೊಂದು ಮಾತು ಯಾಕೆ ಕೇಳಲಿಲ್ಲ?”

“ನಮ್ಮ ನಿಂಗಮ್ಮನ್ನ ಕೊಟ್ಟಿದ್ದ ಊರು ಅದು,” ಎಂದೆ. “ಹೆಸರು ಕಿವಿಗೆ ಬಿದ್ದ ಮೇಲೆ ಅವರ ಕೂಡ ಇನ್ನೊಂದು ಮಾತು ಆಡಾಕೆ ಆಗಲಿಲ್ಲ.”

ಒಳಗೆ ಹೋದೆವು. ನನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಅವರು ಒಂದು ಚಪ್ಪಟೆ ಬುರುಡೆಯನ್ನು ಎತ್ತಿ ಬೆಳಕಿಗೆ ಹಿಡಿದರು. “ಇದು ಸರಿಯಾಗೇ ಹೇಳ್ತಾ ಇತ್ತು ಬೀರಪ್ಪಾ, ನಾನು ಬಂಡೇದು, ನಾನು ಬಂಡೇದು ಅಂತ. ನಾನು ಚೀಟಿ ಓದಿದೆ.” ಆಮೇಲೆ ಹದಿನಾಲ್ಕು ಪುಟಗಳನ್ನು ತಿರುವಿ, ಅಂಚು ಕೂಡಿಸಿ, ಬೋರಲು ಇಟ್ಟುಕೊಂಡರು. “ಹಿಂದಿನ ಮಗ್ಗುಲು ಖಾಲಿ ಇದೆ. ಇದರಲ್ಲೇ ಮತ್ತೆ ಶುರು ಮಾಡಬಹುದು.”

ದೊಡ್ಡ ದೊಡ್ಡವರು ಸಣ್ಣ ನಷ್ಟಕ್ಕೆ ಕೂಗಾಡಿದ್ದನ್ನು ಕಂಡಿದ್ದೇನೆ. ಇವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ನಿಂಗಮ್ಮನಿಗಿಂತ ಐದಾರು ವರ್ಷ ದೊಡ್ಡವರು.

“ಆದ್ರೆ ಈಗ ಕುಬಟೂರಿನ ಕಡೇದು ಒಂದೂ ಇಲ್ಲ,” ಎಂದರು. “ಅದಿಲ್ದೆ ಹೋಲಿಸೋದಾದ್ರೂ ಯಾವುದರ ಜೊತೆ?”

“ನಾನು ಹೋಗಿ ಹಿಡ್ಕೊಂಡು ಬರ್ತೀನಿ,” ಎಂದೆ. ಬಾಯಿಂದ ಬಂದುಬಿಟ್ಟಿತ್ತು.

೧೮ ಮಾರ್ಚ್

ನಾಳೆ ಬೆಳಿಗ್ಗೆಯ ಬಸ್ಸು. ಡಬ್ಬಿ, ಚೀಟಿ, ದಾರ ಎಲ್ಲ ಚೀಲಕ್ಕೆ ಹಾಕಿದೆ. ಆಮೇಲೆ ನೋಡಿದರೆ ಚೀಲ ಉಬ್ಬಿದೆ. ಗುಡ್ಡಮ್ಮ ಒಂದು ಸಣ್ಣ ಕಂಬಳಿ ತುರುಕಿದ್ದಾಳೆ. ಮರಿಗಳ ಮೊದಲ ಕತ್ತರಿಯ ಉಣ್ಣೆಯದು, ಕೈಗೆ ಬೆಣ್ಣೆಯ ಹಾಗಿದೆ. ಯಾವಾಗ ನೂತಳೋ, ಯಾರ ಕೈಲಿ ನೇಯಿಸಿದಳೋ.

“ಇದೇನು?” ಎಂದೆ.

“ಓತಿಕ್ಯಾತಕ್ಕೆ ಚಳಿ ಆಗಬಾರದಲ್ಲ,” ಎಂದು ಒಲೆಯ ಕಡೆ ತಿರುಗಿದಳು.

೨೦ ಮಾರ್ಚ್, ಶುಕ್ರವಾರ. ಕುಬಟೂರು

ನಿನ್ನೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿಯಲ್ಲಿ ಇಳಿದು ನಡೆದೆ. ರಾತ್ರಿ ಗುಡಿಯ ಕಟ್ಟೆಯಲ್ಲಿ ಮಲಗಿದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಕೆರೆಯ ಏರಿಗೆ ಹೋದೆ. ಕಡ್ಡಿಯ ತುದಿಗೆ ದಾರದ ಕುಣಿಕೆ ಕಟ್ಟಿ ಹಿಡಿಯಲು ಶುರುಮಾಡಿದೆ. ಒಂದೊಂದಕ್ಕೂ ಅಲ್ಲೇ ಕೂತು ಚೀಟಿ ಬರೆದೆ. ‘ಕುಬಟೂರು, ಕೆರೆ ಏರಿ, ಹುಣಸೆಮರ, ಆಳೆತ್ತರದಲ್ಲಿ, ಹಿಡಿದವನು ಬೀರಪ್ಪ.’ ಎಲ್ಲದರ ತಲೆಯೂ ಎತ್ತರ. ಒಂದು ಗಂಡು ಕುತ್ತಿಗೆ ಕೆಂಪು ಮಾಡಿಕೊಂಡು, ಕೆನ್ನೆ ಉಬ್ಬಿಸಿ, ನನ್ನನ್ನೇ ಹೆದರಿಸಿತು. ಎಷ್ಟು ಅಂದದ ಪ್ರಾಣಿ. ಅಕ್ಕೋರಿಗೆ ಕೆನ್ನೆ ಬೆಳೆದ ಗಂಡು ಬೇಕಾಗಿತ್ತು, ಆದರೂ ಅದನ್ನು ಬಿಟ್ಟೆ. ಬೇರೆ ಸಿಕ್ಕಿತು.

ಎಂಟನೆಯದನ್ನು ಕಟ್ಟುತ್ತಿದ್ದಾಗ ಹಿಂದಿನಿಂದ ದನಿ ಬಂತು. ಗುತ್ಯಪ್ಪನ ತಾಯಿ ದುರುಗಮ್ಮ.

“ಬೀಗರು ಬಂದಾರೆ ಅಂತ ಊರೆಲ್ಲ ಹೇಳ್ತು. ಓತಿಕ್ಯಾತಗಳ ಮನೆ ಎಲ್ಲ ಹುಡುಕಿದ್ರಿ. ನಮ್ಮನೆ ಬಾಗ್ಲು ಮರ್ತೋತಾ?”

“ಬರ್ತಿದ್ದೆ ಬೀಗ್ತಿ.”

“ಬರ್ತಿದ್ರಿ, ಬರ್ತಿದ್ರಿ. ಐದು ತಿಂಗಳಿಂದ ಬರ್ತಾನೇ ಇದ್ದೀರಿ.”

ಡಬ್ಬಿ ಎತ್ತಿಕೊಂಡು ಅವಳ ಹಿಂದೆ ಹೋದೆ.

ನಡುಮನೆಯಲ್ಲಿ ತೊಟ್ಟಿಲು. ನಾನು ದೂರದಲ್ಲೇ ಕಂಬಕ್ಕೆ ಒರಗಿ ಕೂತೆ. ನಿಂಗಮ್ಮನ ಮುಖವನ್ನೇ ನೋಡಬೇಕಾಗುತ್ತದೆ, ಆ ಮುಖ ನನ್ನನ್ನು ಎಂಟು ದಿನದ ಮಾತು ಕೇಳುತ್ತದೆ ಎಂದು ಇಷ್ಟು ತಿಂಗಳು ಹೆದರಿದ್ದೆ. ದುರುಗಮ್ಮ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, ಕೈ ಒರೆಸಿಕೊಳ್ಳುತ್ತಾ ನಿಂತಳು.

ಹೆಣ್ಣು ಕೂಸು. ದೊಡ್ಡ ಕಣ್ಣು. ಗಿಡ್ಡ ಮೂತಿ. ನೆತ್ತಿ ಕೂಡಿಲ್ಲ. ಎಣ್ಣೆ ಹಚ್ಚಿದ ಆ ಜಾಗ ಮೇಲೆ ಕೆಳಗೆ ಮಿಡಿಯುತ್ತಿತ್ತು. ನನ್ನ ನೋಟುಪುಸ್ತಕದಲ್ಲಿ ಎಷ್ಟೋ ಸಲ ಬರೆದ ಮಾತುಗಳೇ. ಇದು ಇನ್ನೂ ಯಾರ ಮುಖವೂ ಅಲ್ಲ. ನನ್ನನ್ನು ಏನೂ ಕೇಳಲಿಲ್ಲ. ಮೀಸೆ ಹಿಡಿಯಿತು.

“ತೇಟ್ ಅವರವ್ವನ ಮೂಗು ಅಂತಾರೆ ಎಲ್ಲ,” ಎಂದಳು ದುರುಗಮ್ಮ. “ನೀವೇನಂತೀರಿ?”

“ಈಗಲೇ ಹೇಳಾಕೆ ಬರಲ್ಲ ಬೀಗ್ತಿ. ಬೆಳೀಬೇಕು.”

“ಎಲ್ಲಿ ಬೆಳೀಬೇಕು?”

ಗುತ್ಯಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ನೆಲದ ಮೇಲಿತ್ತು. ಅವನೂ ಸೊರಗಿದ್ದಾನೆ.

“ನಮ್ಮನೇಲಿ,” ಎಂದೆ.

ದುರುಗಮ್ಮ ಅಳುತ್ತಾ ಒಳಗೆ ಹೋಗಿ, ಅಳುತ್ತಲೇ ಕೂಸಿನ ಬಟ್ಟೆ ಮಡಚಿದಳು. “ಹಲ್ಲು ಬಂದಾಗ ತಂದು ತೋರಿಸ್ಬೇಕು. ಮಾತು ಕೊಡಿ,” ಎಂದಳು. ಕೊಟ್ಟೆ. ಗುತ್ಯಪ್ಪ ನಾಲ್ಕು ಓತಿ ಹಿಡಿದುಕೊಟ್ಟ. ಎಲ್ಲಿ ಹಿಡಿದೆ ಎಂದು ಕೇಳಿದೆ. ಕರೆದುಕೊಂಡು ಹೋಗಿ ಬೇಲಿ ತೋರಿಸಿದ. ಬರೆದುಕೊಂಡೆ.

೨೧ ಮಾರ್ಚ್

ಬಸ್ಸಿನಲ್ಲಿ ತೊಡೆಯ ಮೇಲೆ ಕೂಸು, ಕಾಲಡಿ ಓತಿಯ ಡಬ್ಬಿ. ಡಬ್ಬಿ ಪರಪರ ಎಂದಾಗಲೆಲ್ಲ ಕೂಸು ನಗುತ್ತಿತ್ತು. ಪಕ್ಕದ ಹೆಂಗಸು ಕೇಳಿದಳು. “ಯಾವೂರು ಕೂಸಣ್ಣ?”

“ಹುಟ್ಟಿದ್ದು ಕೇಳ್ತೀಯೋ, ಬೆಳೆಯೋದು ಕೇಳ್ತೀಯೋ, ಬೆಡಗು ಕೇಳ್ತೀಯೋ?”

“ಅಯ್ಯ, ಮಾತಿಗೆ ಕೇಳಿದೆ ಕಣಣ್ಣ. ನೀನು ಅಮಲ್ದಾರ್ರ ಕಚೇರಿಯವನೇನು?” ಎಂದು ಆ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಿಗೆ ತಾನೇ ತಿರುಗಿ ಕೂಸನ್ನು ಎತ್ತಿಕೊಂಡಳು.

ಗುಡ್ಡಮ್ಮ ಊರಬಾಗಿಲಲ್ಲಿ ನಿಂತಿದ್ದಳು. ಯಾವ ಬಸ್ಸೆಂದು ನಾನು ಹೇಳಿಕಳಿಸಿರಲಿಲ್ಲ. ಯುಗಾದಿಗೆ ಇನ್ನೂ ಹತ್ತೊಂಬತ್ತು ದಿನ ಇದೆ.

೩೧ ಮಾರ್ಚ್

ಹತ್ತು ದಿನದಿಂದ ಬರೆಯಲು ಕೈಗೆ ಬಿಡುವಿಲ್ಲ. ಕುಬಟೂರಿನ ಬುರುಡೆಗಳನ್ನು ಗೊದ್ದ ಬಿಡಿಸಿಕೊಟ್ಟಿವೆ. ಎಲ್ಲವೂ ಎತ್ತರದ ತಲೆ. ಜಾಗ ಎಷ್ಟು, ಬೆಡಗು ಎಷ್ಟು, ಬೆಳೆದದ್ದು ಎಷ್ಟು ಎಂದು ಒಂದೇ ಮಾತಿನಲ್ಲಿ ಹೇಳಲು ಇನ್ನೂ ವರ್ಷಗಳು ಬೇಕು ಎನ್ನುತ್ತಾರೆ ಅಕ್ಕೋರು, ಖುಷಿಯಿಂದಲೇ. ಚೀಟಿಯಲ್ಲಿ ಈಗ ಎರಡು ಸಾಲು ಹಾಕಿದ್ದಾರೆ, ಒಂದು ಓತಿಯ ಊರಿಗೆ, ಒಂದು ತಂದವರ ಊರಿಗೆ.

ಕೂಸಿಗೆ ಹಾಲು ಬೇಕೆಂದು ಸಣ್ಣಬೀರಪ್ಪನನ್ನು ಒಂದು ಮೇಕೆ ಕೇಳಿದೆ. ಅವನು ಎರಡು ಮೇಕೆ, ಜೊತೆಗೆ ಆರು ಕುರಿ ಹೊಡೆದುಕೊಂಡು ಬಂದ. “ಒಂಟಿ ಮೇಕೆ ಹಿಂಡು ಬಿಟ್ಟು ಇರಲ್ಲಣ್ಣ,” ಎಂದ. ಬೆಳಿಗ್ಗೆ ಕಾಲುವೆಯ ಏರಿಯಲ್ಲಿ ಮೇಯಿಸಿಕೊಂಡು ಆಮೇಲೆ ಮಳಿಗೆಗೆ ಹೋಗುತ್ತೇನೆ.

ಗುಡ್ಡಮ್ಮ ದಿನಾ ಕೂಸಿನ ನೆತ್ತಿಗೆ ಎಣ್ಣೆ ಇಡುತ್ತಾಳೆ. ಅವಳು ಆಚೆ ಹೋದಾಗ ನಾನು ಬೆರಳಿಟ್ಟು ನೋಡುತ್ತೇನೆ. ಇನ್ನೂ ಕೂಡಿಲ್ಲ. ಆತುರವೇನಿಲ್ಲ.